ಮನೆಗೂ ಒಂದು ಅಂಕಪಟ್ಟಿ

ಹೋದ ವರ್ಷ ಏಪ್ರಿಲ್ ತಿಂಗಳ ಒಂದು ಸಂಜೆ ಇಳಕಲ್ಲಿನ ನೇಕಾರರೊಬ್ಬರು ನಮ್ಮ ಮನೆಗೆ ಬಂದರು. ಅವರ ಮಗಳು ಹೈಸ್ಕೂಲಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಆಗ ಬಾಗಲಕೋಟೆಯ ನವನಗರದಲ್ಲಿ ಪಿಯುಸಿ ವಿಜ್ಞಾನ ಓದುತ್ತಿದ್ದಳು. ಮಗಳ ಓದಿಗೆಂದು ಒಂದು ಕೋಣೆ ಬಾಡಿಗೆ ಹಿಡಿದು, ತಾಯಿಯನ್ನು ಅವಳ ಜೊತೆಗೆ ಬಿಟ್ಟು, ಇವರು ಇಳಕಲ್ಲಿನಲ್ಲಿ ಮಗ್ಗ ನಡೆಸಿಕೊಂಡಿದ್ದರು. ಚಹಾ ಕುಡಿಯುತ್ತ ಅವರು ಹೇಳಿದ್ದು ಇಷ್ಟು:

"ಡಿಸೆಂಬರ್‌ದಾಗ ನೋಡಿದಾಗ ಮನಿ ಭಾಳ ಛಲೋ ಅನಿಸ್ತರೀ ಸರ. ಹೊಸಾ ಟೈಲ್ಸು, ಹೊಸಾ ಬಣ್ಣ. ಈಗ ನೋಡಿದ್ರ ರಾತ್ರಿ ಹನ್ನೊಂದಾದ್ರೂ ಗ್ವಾಡಿ ಬಿಸೇನ ಇರತಾವು. ಹುಡುಗಿ ಪುಸ್ತಕ ತಗೊಂಡು ಹೊರಗ ಮೆಟ್ಲ ಮ್ಯಾಲ ಕುಂದರ್ತಾಳ. ಸಿಇಟಿ ಹತ್ರ ಬಂತು. ಏನ್ ಮಾಡೂದ್ರಿ?"

ವಿಚಾರಿಸಿದಾಗ ತಿಳಿದದ್ದು, ಅವರು ಅಂದು ಎರಡು ಮನೆ ನೋಡಿದ್ದರು. ಒಂದು ನೆಲ ಅಂತಸ್ತಿನದು, ನೆಲಕ್ಕೆ ಹಳೆಯ ಫರಸಿ, ಬಾಡಿಗೆ 5,000 ರೂಪಾಯಿ. ಇನ್ನೊಂದು ಎರಡನೆಯ ಮಹಡಿಯ ಕೋಣೆ, ಮೇಲೆ ಬರಿಯ ಸ್ಲ್ಯಾಬು, ಬಾಡಿಗೆ 4,500. ತಿಂಗಳಿಗೆ 500 ರೂಪಾಯಿ ಉಳಿಯಿತೆಂದು ಮೇಲಿನದನ್ನೇ ಹಿಡಿದರು. ಏಪ್ರಿಲ್ ಬಂದಾಗ ಒಂದು ಏರ್ ಕೂಲರ್ ಕೊಂಡರು. ಉಳಿಸಿದ್ದು ಎಲ್ಲಿ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

ಮನೆ ಕೊಳ್ಳುವಾಗ ನಾವು ಏನೇನೆಲ್ಲ ನೋಡುತ್ತೇವೆ! ಉತಾರ ನೋಡುತ್ತೇವೆ, ಋಣಭಾರ ಪ್ರಮಾಣಪತ್ರ ತೆಗೆಸುತ್ತೇವೆ, ತೆರಿಗೆ ಪಾವತಿ ಕೇಳುತ್ತೇವೆ. ಬಾಡಿಗೆಗಾದರೆ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಾಗಿಲು ಯಾವ ದಿಕ್ಕಿಗಿದೆ, ಬಸ್ ಸ್ಟ್ಯಾಂಡು ಎಷ್ಟು ದೂರ ಎಂದು ಕೇಳುತ್ತೇವೆ. ಬೇಸಿಗೆಯಲ್ಲಿ ಈ ಮನೆ ಎಷ್ಟು ಕಾಯುತ್ತದೆ, ಅದನ್ನು ತಂಪಾಗಿಡಲು ಎಷ್ಟು ಕರೆಂಟು ಬೇಕು ಎಂದು ಯಾರೂ ಕೇಳುವುದಿಲ್ಲ. ಕೇಳಿದರೂ ಉತ್ತರ ಹೇಳುವ ಕಾಗದ ನಮ್ಮಲ್ಲಿಲ್ಲ. ಕೆಲವು ದೇಶಗಳಲ್ಲಿ ಅಂಥ ಕಾಗದ ಇದೆ. ಈ ವಾರ ಅದರ ವಿಚಾರ.

ತಂಪುಪೆಟ್ಟಿಗೆಗೆ ಉಂಟು, ಮನೆಗಿಲ್ಲ

ಅಂಗಡಿಗೆ ಹೋಗಿ ಫ್ರಿಜ್ಜು ನೋಡಿ. ಅದರ ಬಾಗಿಲ ಮೇಲೆ ನಕ್ಷತ್ರಗಳ ಚೀಟಿ ಅಂಟಿಸಿರುತ್ತಾರೆ. ವರ್ಷಕ್ಕೆ ಎಷ್ಟು ಯೂನಿಟ್ ಕರೆಂಟು ತಿನ್ನುತ್ತದೆಂದು ಅದರಲ್ಲಿ ಬರೆದಿರುತ್ತದೆ. 2001ರ ಶಕ್ತಿ ಸಂರಕ್ಷಣಾ ಕಾಯ್ದೆಯ ಪ್ರಕಾರ 2002ರ ಮಾರ್ಚ್ 1ರಂದು ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿ ಎಂಬ ಸಂಸ್ಥೆ ಹುಟ್ಟಿತು. ಅದು 2006ರಲ್ಲಿ ಈ ನಕ್ಷತ್ರದ ಚೀಟಿಯನ್ನು ಆರಂಭಿಸಿತು. 2010ರಲ್ಲಿ ಹಿಮಗಟ್ಟದ ಫ್ರಿಜ್ಜು, ಏಸಿ ಮೊದಲಾದವುಗಳಿಗೆ ಅದು ಕಡ್ಡಾಯವಾಯಿತು. 2023ರ ಜನವರಿಯಿಂದ ನಮ್ಮ ತಲೆಯ ಮೇಲೆ ತಿರುಗುವ ಸೀಲಿಂಗ್ ಫ್ಯಾನಿಗೂ ಬಂತು.

ಎರಡು ಸಾವಿರ ರೂಪಾಯಿಯ ಫ್ಯಾನಿಗೆ ಅಂಕಪಟ್ಟಿ ಇದೆ. ಅದು ತಿರುಗುವ, ಹತ್ತಾರು ಲಕ್ಷ ಬೆಲೆಯ ಮನೆಗೆ ಇಲ್ಲ!

ಯುರೋಪಿನ ಒಕ್ಕೂಟ 2002ರಲ್ಲಿಯೇ ಒಂದು ನಿರ್ದೇಶನ ಹೊರಡಿಸಿ, ಮನೆ ಕಟ್ಟಿದಾಗ, ಮಾರಿದಾಗ, ಬಾಡಿಗೆಗೆ ಕೊಟ್ಟಾಗ ಅದರ ಶಕ್ತಿ ದಕ್ಷತೆಯ ಪ್ರಮಾಣಪತ್ರವನ್ನು ಎದುರಿನವರಿಗೆ ತೋರಿಸಬೇಕೆಂದು ಸದಸ್ಯ ದೇಶಗಳಿಗೆ ಹೇಳಿತು. ಇಂಗ್ಲೆಂಡಿನಲ್ಲಿ ಇದು ಮಾರಾಟದ ಮನೆಗಳಿಗೆ 2007ರಲ್ಲಿ, ಬಾಡಿಗೆಯ ಮನೆಗಳಿಗೆ 2008ರಲ್ಲಿ ಬಂತು. ಮನೆಗಳಿಗೆ ಅಲ್ಲಿ 'ಎ'ಯಿಂದ 'ಜಿ'ಯವರೆಗೆ ದರ್ಜೆ ಕೊಡುತ್ತಾರೆ. ಒಮ್ಮೆ ಪಡೆದ ಪತ್ರ ಹತ್ತು ವರ್ಷ ನಡೆಯುತ್ತದೆ. 2018ರಿಂದ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 'ಇ'ಗಿಂತ ಕೆಳಗಿನ ದರ್ಜೆಯ ಮನೆಯನ್ನು ಹೊಸದಾಗಿ ಬಾಡಿಗೆಗೆ ಕೊಡುವುದಕ್ಕೇ ತಡೆ ಹಾಕಿದರು, ಕೆಲವು ವಿನಾಯಿತಿಗಳುಂಟು. ಅವರ ಚಿಂತೆ ಚಳಿಯದು. ಮನೆಯೊಳಗಿನ ಬಿಸಿ ಹೊರಗೆ ಸೋರಬಾರದು ಎಂಬುದು ಅವರ ಲೆಕ್ಕ. ನಮ್ಮ ಚಿಂತೆ ಹೊರಗಿನ ಬಿಸಿ ಒಳಗೆ ಬರಬಾರದು ಎಂಬುದು. ದಿಕ್ಕು ಬೇರೆಯಾದರೂ ಭೌತಶಾಸ್ತ್ರ ಒಂದೇ. ಬಿಸಿ ಯಾವಾಗಲೂ ಹೆಚ್ಚು ಉಷ್ಣತೆಯ ಕಡೆಯಿಂದ ಕಡಿಮೆ ಉಷ್ಣತೆಯ ಕಡೆಗೇ ಹರಿಯುತ್ತದೆ.

ನಮ್ಮ ದೇಶದಲ್ಲಿಯೂ ಏನೂ ಆಗಿಲ್ಲವೆಂದಲ್ಲ. 2018ರ ಡಿಸೆಂಬರ್‌ನಲ್ಲಿ ವಾಸದ ಕಟ್ಟಡಗಳಿಗಾಗಿಯೇ 'ಇಕೋ ನಿವಾಸ ಸಂಹಿತೆ' ಎಂಬ ನಿಯಮಾವಳಿ ಬಂತು. ಚಾವಣಿಯಿಂದ ಎಷ್ಟು ಬಿಸಿ ಇಳಿಯಬಹುದು, ಗೋಡೆ-ಕಿಟಕಿಗಳಿಂದ ಎಷ್ಟು ಬರಬಹುದು ಎಂಬುದಕ್ಕೆ ಅದು ಮಿತಿ ಹಾಕಿದೆ. ಬಿಸಿ-ಒಣ ಹವೆಯ ಸೀಮೆಗಳಲ್ಲಿ ತೆರೆಯುವ ಕಿಟಕಿ ನೆಲದ ವಿಸ್ತೀರ್ಣದ ಶೇಕಡಾ 10ರಷ್ಟಾದರೂ ಇರಬೇಕೆನ್ನುತ್ತದೆ. ಮನೆಗಳಿಗೆ ಒಂದರಿಂದ ಐದರವರೆಗೆ ನಕ್ಷತ್ರ ಕೊಡುವ ವ್ಯವಸ್ಥೆಯನ್ನೂ ಬ್ಯೂರೋ ರೂಪಿಸಿದೆ. ಆದರೆ ಅದು ಇಷ್ಟವಿದ್ದವರಿಗೆ, ಕಡ್ಡಾಯವಲ್ಲ. 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ದೊಡ್ಡ ವಾಸದ ಕಟ್ಟಡಗಳೂ ಅದರ ವ್ಯಾಪ್ತಿಗೆ ಬಂದವು.

'ದೊಡ್ಡ' ಎಂಬ ಮಾತನ್ನು ಗಮನಿಸಿರಿ. 2018ರ ಸಂಹಿತೆಯನ್ನು ಬರೆದದ್ದು 500 ಚದರ ಮೀಟರ್ ಹಾಗೂ ಅದಕ್ಕಿಂತ ದೊಡ್ಡ ನಿವೇಶನಗಳ ಕಟ್ಟಡಗಳಿಗೆ. ನಮ್ಮ ಕಡೆಯ 30x40 ಅಡಿ ಸೈಟು ಎಂದರೆ 1,200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. 40x60ರ ಸೈಟೂ 223 ಚದರ ಮೀಟರಿಗೆ ನಿಲ್ಲುತ್ತದೆ. ಹೀಗಾಗಿ ನವನಗರದ, ಹುನಗುಂದದ, ಬಾದಾಮಿಯ ಸಾಮಾನ್ಯ ಮನೆಗಳನ್ನು ಆ ಸಂಹಿತೆ ಮುಟ್ಟುವುದೇ ಇಲ್ಲ. ನಮ್ಮ ಲೆಕ್ಕವನ್ನು ನಾವೇ ಮಾಡಿಕೊಳ್ಳಬೇಕು.

ತಲೆಯ ಮೇಲೊಂದು ಇಸ್ತ್ರಿ ಪೆಟ್ಟಿಗೆ

ವಿದ್ಯಾರ್ಥಿ ಮಿತ್ರರೇ, ಹತ್ತನೆಯ ತರಗತಿಯಲ್ಲಿ ರೋಧಗಳ ಸರಣಿ ಜೋಡಣೆ ಕಲಿತಿದ್ದೀರಿ. ಒಂದರ ಹಿಂದೊಂದು ರೋಧ ಇಟ್ಟರೆ ಎಲ್ಲವನ್ನೂ ಕೂಡಿಸಬೇಕು. ಬಿಸಿಗೂ ಇದೇ ನಿಯಮ. ಒಂದು ಪದರದ ದಪ್ಪವನ್ನು ಮೀಟರಿನಲ್ಲಿ ಬರೆದು, ಅದರ ಉಷ್ಣವಾಹಕತೆಯಿಂದ ಭಾಗಿಸಿದರೆ ಆ ಪದರ ಬಿಸಿಗೆ ಒಡ್ಡುವ ರೋಧ ಸಿಗುತ್ತದೆ. ಪದರಗಳ ರೋಧಗಳನ್ನೆಲ್ಲ ಕೂಡಿಸಿ, ಒಂದನ್ನು ಆ ಮೊತ್ತದಿಂದ ಭಾಗಿಸಿದರೆ ಬರುವುದೇ 'ಯು' ಬೆಲೆ. ಒಂದು ಚದರ ಮೀಟರ್ ಚಾವಣಿಯ ಮೂಲಕ, ಒಂದು ಡಿಗ್ರಿ ಉಷ್ಣತೆಯ ವ್ಯತ್ಯಾಸಕ್ಕೆ ಎಷ್ಟು ವ್ಯಾಟ್ ಬಿಸಿ ದಾಟುತ್ತದೆಂದು ಅದು ಹೇಳುತ್ತದೆ. ಯು ಕಡಿಮೆ ಇದ್ದಷ್ಟೂ ಒಳ್ಳೆಯದು. ಇಕೋ ನಿವಾಸ ಸಂಹಿತೆ ಚಾವಣಿಗೆ ಹಾಕಿದ ಮಿತಿ 1.2.

ಈಗ ನಮ್ಮ ಹುಡುಗಿಯ ಕೋಣೆಯ ಲೆಕ್ಕ ಮಾಡೋಣ. ಐದು ಇಂಚಿನ ಆರ್.ಸಿ.ಸಿ. ಸ್ಲ್ಯಾಬು ಎಂದರೆ 0.125 ಮೀಟರ್. ಕಾಂಕ್ರೀಟಿನ ಉಷ್ಣವಾಹಕತೆ ಸುಮಾರು 1.58. ಭಾಗಿಸಿದರೆ ರೋಧ 0.08. ಸ್ಲ್ಯಾಬಿನ ಮೇಲೆ ಕೆಳಗೆ ಅಂಟಿಕೊಂಡಿರುವ ಗಾಳಿಯ ತೆಳು ಪದರಗಳದು 0.21. ಕೂಡಿಸಿದರೆ 0.29. ಯು ಬೆಲೆ ಹತ್ತಿರಹತ್ತಿರ 3.5! ಮಿತಿಯ ಮೂರು ಪಟ್ಟು. ಒಂದು ಸಂಗತಿ ಕಣ್ಣಿಗೆ ಬಿತ್ತೇ? ಬಿಸಿಯನ್ನು ತಡೆಯುವುದರಲ್ಲಿ ಗಾಳಿಯ ಪದರದ ಪಾಲೇ ಹೆಚ್ಚು. ಐದು ಇಂಚಿನ ಕಾಂಕ್ರೀಟು ಮಾಡುವ ಕೆಲಸ ಅಲ್ಪ.

10x12 ಅಡಿಯ ಕೋಣೆ ಎಂದರೆ ಸುಮಾರು 11 ಚದರ ಮೀಟರ್. ಏಪ್ರಿಲ್ ಮಧ್ಯಾಹ್ನ ಗಾಳಿ 40 ಡಿಗ್ರಿ ಇದ್ದರೆ, ನೇರ ಬಿಸಿಲಿನ ಪೆಟ್ಟನ್ನೂ ಸೇರಿಸಿ ಸ್ಲ್ಯಾಬಿನ ಪಾಲಿಗೆ ಅದು 60 ಡಿಗ್ರಿಗೆ ಸಮ ಎಂದು ಹಿಡಿಯಿರಿ. ಒಳಗೆ 35 ಇದೆ ಎನ್ನೋಣ. ವ್ಯತ್ಯಾಸ 25. ಮೂರನ್ನೂ ಗುಣಿಸಿ: 3.5 x 11 x 25 = ಸುಮಾರು 960 ವ್ಯಾಟ್. ಬಟ್ಟೆಗೆ ತೀಡುವ ಸಾಮಾನ್ಯ ಇಸ್ತ್ರಿ ಪೆಟ್ಟಿಗೆ 1,000 ವ್ಯಾಟಿನದು. ಅಂದರೆ ಮಧ್ಯಾಹ್ನದ ಹೊತ್ತು ಆ ಹುಡುಗಿಯ ತಲೆಯ ಮೇಲೆ ಒಂದು ಇಸ್ತ್ರಿ ಪೆಟ್ಟಿಗೆಯನ್ನು ಹಚ್ಚಿ ತೂಗುಬಿಟ್ಟ ಹಾಗೆ! ಅದೇ ಚಾವಣಿಯ ಯು 1.2 ಇದ್ದಿದ್ದರೆ ಒಳಗೆ ಬರುತ್ತಿದ್ದುದು 330 ವ್ಯಾಟ್.

ಇದು ಸ್ಥೂಲ ಲೆಕ್ಕ. ನಿಜದಲ್ಲಿ ಹೊರಗಿನ ಉಷ್ಣತೆ ತಾಸುತಾಸಿಗೆ ಬದಲಾಗುತ್ತದೆ. ಸ್ಲ್ಯಾಬು ತಾನೂ ಕಾದು, ಮೂರು ನಾಲ್ಕು ತಾಸು ತಡವಾಗಿ ಆ ಬಿಸಿಯನ್ನು ಒಳಗೆ ಬಿಡುತ್ತದೆ. ಪಡುವಣ ಗೋಡೆ ಸಂಜೆಯ ಬಿಸಿಲು ಕುಡಿದು ರಾತ್ರಿಯವರೆಗೆ ಅದನ್ನು ಕಾರುತ್ತದೆ. ರಾತ್ರಿ ಹನ್ನೊಂದಕ್ಕೂ ಗೋಡೆ ಬಿಸಿಯಿದ್ದುದರ ಕಾರಣ ಇದೇ. ಫ್ಯಾನು ಈ ಬಿಸಿಯನ್ನು ತೆಗೆಯಲಾರದು. ಗಾಳಿಯಾಡಿಸಿ ಮೈಬೆವರು ಆರಿಸುವುದಷ್ಟೇ ಅದರ ಕೆಲಸ.

ಉತಾರದಲ್ಲಿ ಬರೆಯದ ತಂಪು

ಇಲ್ಲಿ ನನ್ನದೇ ಒಂದು ಮಾತು ಹೇಳಬೇಕು. ಹಳೆಯ ಬಾಗಲಕೋಟೆಯ ತಗ್ಗಿನ ಓಣಿಯೊಂದರಲ್ಲಿ ನಮ್ಮ ಮೇಲ್ಮುದ್ದಿಯ ಮನೆ ಇತ್ತು. ತೊಲೆ, ಅದರ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಒಂದು ಅಡಿ ಮಣ್ಣು. ನಡುಮನೆಯ ನೆತ್ತಿಯಲ್ಲಿ ಒಂದು ಗವಾಕ್ಷಿ. ಆಲಮಟ್ಟಿ ಹಿನ್ನೀರಿನ ಸಲುವಾಗಿ 1990ರ ದಶಕದಲ್ಲಿ ಅಳತೆಗೆ ಬಂದವರು ಟೇಪು ಹಿಡಿದು ಉದ್ದ-ಅಗಲ ಬರೆದುಕೊಂಡರು, ಕಟ್ಟಿಗೆ ಎಣಿಸಿದರು, ಮನೆ ಎಷ್ಟು ಹಳೆಯದೆಂದು ಕೇಳಿದರು. ನಮ್ಮ ತಂದೆ, "ಬ್ಯಾಸಗ್ಯಾಗ ಭಾಳ ತಂಪಿರತೈತ್ರಿ, ಅದನ್ನೂ ಬರಕೋರಿ" ಎಂದರು. ಬಂದವರು ನಕ್ಕರು. ಅವರ ಫಾರಮ್ಮಿನಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ, ಅವರದೇನೂ ತಪ್ಪಲ್ಲ. ನವನಗರದಲ್ಲಿ ನಾವು ಸ್ಲ್ಯಾಬಿನ ಮನೆ ಕಟ್ಟಿದೆವು. ಮೊದಲ ಬೇಸಿಗೆಯಲ್ಲಿಯೇ ನಮ್ಮ ತಾಯಿ ಮಧ್ಯಾಹ್ನದ ಹೊತ್ತು ಹಾಸಿಗೆ ಎತ್ತಿಕೊಂಡು ಬೇವಿನ ಗಿಡದ ಕೆಳಗೆ ಹೋದಳು.

ಆ ಮಣ್ಣಿನ ಮಾಳಿಗೆಗೂ ಅದೇ ಲೆಕ್ಕ ಹಾಕೋಣ. ಒಣ ಮಣ್ಣಿನ ಉಷ್ಣವಾಹಕತೆ 0.6 ಎಂದು ಹಿಡಿದರೆ, 0.3 ಮೀಟರ್ ಮಣ್ಣಿನ ರೋಧ 0.5. ಒಂದಿಂಚು ಕಟ್ಟಿಗೆಯ ಹಲಗೆಯದು 0.18. ಗಾಳಿಯ ಪದರ 0.21. ಒಟ್ಟು 0.89, ಯು ಬೆಲೆ 1.1. 2018ರ ಸಂಹಿತೆ ಕೇಳುವ 1.2ರ ಪರೀಕ್ಷೆಯಲ್ಲಿ ನಮ್ಮ ಅಜ್ಜಂದಿರ ಮಾಳಿಗೆ ಪಾಸಾಗುತ್ತದೆ, ನಮ್ಮ ಹೊಸ ಸ್ಲ್ಯಾಬು ನಪಾಸಾಗುತ್ತದೆ! ಮೇಲಾಗಿ ದಪ್ಪ ಮಣ್ಣು ಬಿಸಿಯನ್ನು ಏಳೆಂಟು ತಾಸು ತಡೆದು ಹಿಡಿಯುತ್ತದೆ. ಮಧ್ಯಾಹ್ನದ ಬಿಸಿ ಒಳಗೆ ಇಳಿಯುವಷ್ಟರಲ್ಲಿ ಹೊರಗೆ ಹೊತ್ತು ಮುಳುಗಿರುತ್ತದೆ. ಬಿಸಿ ಗಾಳಿ ಹಗುರಾಗಿ ಗವಾಕ್ಷಿಯಿಂದ ಮೇಲೆ ಹೋಗುತ್ತದೆ. ಇದೇ ತತ್ವವನ್ನು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1960ರ ದಶಕದ ಆರಂಭದಲ್ಲಿ ಅಹಮದಾಬಾದಿನ ತಮ್ಮ 'ಟ್ಯೂಬ್ ಹೌಸ್'ನಲ್ಲಿ ಬಳಸಿದ್ದರು. ಇಳಿಜಾರು ಚಾವಣಿಯ ನೆತ್ತಿಯಿಂದ ಬಿಸಿ ಗಾಳಿ ಹೊರಬೀಳುವ ಮನೆ ಅದು. ಮುಂದೆ 1980ರ ದಶಕದಲ್ಲಿ ನಮ್ಮ ನವನಗರದ ಯೋಜನೆಯಲ್ಲಿಯೂ ಅವರ ಕೈ ಇತ್ತು.

ಹಾಗೆಂದು ಎಲ್ಲರೂ ಮಣ್ಣಿನ ಮಾಳಿಗೆಗೆ ಮರಳಬೇಕೆಂದು ನಾನು ಹೇಳುವುದಿಲ್ಲ. ವರ್ಷಾವರ್ಷ ಮಳೆಗಾಲಕ್ಕೆ ಮೊದಲು ಮೇಲೆ ಹೊಸ ಮಣ್ಣು ಹಾಕಬೇಕು, ಸೋರಿದರೆ ಪಾತ್ರೆ ಇಡಬೇಕು, ಇಲಿ-ಚೇಳಿನ ಕಾಟ ಬೇರೆ. 2009ರ ಸೆಪ್ಟೆಂಬರ್ ಕೊನೆ ಹಾಗೂ ಅಕ್ಟೋಬರ್ ಮೊದಲಿನ ಮಳೆಯಲ್ಲಿ ಉತ್ತರ ಕರ್ನಾಟಕದಲ್ಲಿ ಎಷ್ಟು ಮಣ್ಣಿನ ಮನೆಗಳು ಕುಸಿದವೆಂದು, 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಬಾದಾಮಿ, ಹುನಗುಂದ ತಾಲೂಕುಗಳ ಹಳ್ಳಿಗಳ ಗತಿ ಏನಾಯಿತೆಂದು ನಾವು ಕಂಡಿದ್ದೇವೆ. ಸ್ಲ್ಯಾಬು ಬೇಕು. ಆದರೆ ಅದರ ಮೇಲೊಂದು ಅಂಗಿಯೂ ಬೇಕು. ಕಟ್ಟುವಾಗಲೇ ಸ್ಲ್ಯಾಬಿನ ಮೇಲೆ ಒಂದಿಂಚು ಥರ್ಮೋಕೋಲ್ ಜಾತಿಯ ಗಟ್ಟಿ ಹಲಗೆ ಹಾಸಿ, ನೀರು ಇಳಿಯದಂತೆ ಮಾಡಿ, ಮೇಲೆ ಗಿಲಾವು ಹಾಕಿದರೆ ರೋಧ 0.7ರಷ್ಟು ಹೆಚ್ಚಿ ಯು ಬೆಲೆ 1ಕ್ಕೆ ಇಳಿಯುತ್ತದೆ. ಲೆಕ್ಕ ಮಾಡಿ ನೋಡಿರಿ. ಅದರ ವಾಹಕತೆ 0.035.

ಕಲ್ಲು ತಂಪೇ?

ನಮ್ಮ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಇಳಕಲ್ಲಿನ ಕೆಂಪು ಗ್ರಾನೈಟು ದೇಶದಾಚೆಗೂ ಹೋಗುತ್ತದೆ, ಬಾದಾಮಿಯಲ್ಲಂತೂ ಊರಿಗೆ ಊರೇ ಮರಳುಗಲ್ಲಿನ ಮಡಿಲಲ್ಲಿದೆ. ಶಾಲೆಯ ಪ್ರವಾಸದಲ್ಲಿ ಬಾದಾಮಿಯ ಗುಹೆಗಳಿಗೆ ಹೋದ ಮಕ್ಕಳು, "ಸರ, ಒಳಗ ಏಸಿ ಹಚ್ಚಿದಂಗ ಐತ್ರಿ" ಎನ್ನುತ್ತಾರೆ. ಮೂರನೆಯ ಗುಹೆಯನ್ನು ಚಾಲುಕ್ಯರ ಮಂಗಳೇಶ ಕ್ರಿ.ಶ. 578ರಲ್ಲಿ ಮಾಡಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಕಲ್ಲು ತಂಪೆಂದು ಹೇಳುವವರಿಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಬೇಕು. ಕಲ್ಲು ಬಿಸಿಯನ್ನು ಚೆನ್ನಾಗಿಯೇ ದಾಟಿಸುತ್ತದೆ. ಗ್ರಾನೈಟಿನ ಉಷ್ಣವಾಹಕತೆ ಕಾಂಕ್ರೀಟಿಗಿಂತಲೂ ಹೆಚ್ಚು. ಫರಸಿಯ ಮೇಲೆ ಬರಿಗಾಲಿಟ್ಟರೆ ತಂಪೆನಿಸುವುದು ಅದು ನಮ್ಮ ಕಾಲಿನ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ. ಗುಹೆ ತಂಪಾಗಿರಲು ಬೇರೆ ಕಾರಣಗಳಿವೆ: ಬೆಟ್ಟದಷ್ಟು ದಪ್ಪದ ಬಂಡೆ, ಉತ್ತರಕ್ಕೆ ಮುಖ, ಮುಂದೆ ನೆರಳಿನ ಪಡಸಾಲೆ. ಅಷ್ಟು ದಪ್ಪದ ಬಂಡೆಯ ಒಳಮೈ ಇಡೀ ವರ್ಷದ ಸರಾಸರಿ ಉಷ್ಣತೆಯ ಹತ್ತಿರವೇ ಇರುತ್ತದೆ. ಮೇ ತಿಂಗಳ ಒಂದು ಮಧ್ಯಾಹ್ನ ಅದನ್ನು ಅಲುಗಿಸಲಾರದು. ಎರಡಿಂಚಿನ ಹಾಸುಗಲ್ಲನ್ನು ಚಾವಣಿಗೆ ಹೊದಿಸಿ ಬಾದಾಮಿಯ ಗುಹೆಯ ತಂಪು ಬೇಕೆಂದರೆ ಬರದು. ಇನ್ನು ಪತ್ರಾಸಿನ ಕೋಣೆಯ ಮಾತು ಬೇಡವೇ ಬೇಡ. ತಗಡಿನ ರೋಧ ಸೊನ್ನೆ ಎಂದೇ ತಿಳಿಯಿರಿ. ಯು ಬೆಲೆ ಐದರ ಹತ್ತಿರ.

ಬಿಲ್ಲು ಹೇಳುವುದೆಲ್ಲ ನಿಜವಲ್ಲ

ಪ್ರಮಾಣಪತ್ರ ಬರೆಯಲು ಎರಡು ದಾರಿಗಳಿವೆ. ಜರ್ಮನಿಯಲ್ಲಿ ಎರಡೂ ಚಾಲ್ತಿಯಲ್ಲಿವೆ. ಮನೆಯ ಗೋಡೆ, ಚಾವಣಿ, ಕಿಟಕಿಗಳನ್ನು ನೋಡಿ ಎಷ್ಟು ಶಕ್ತಿ ಬೇಕಾದೀತೆಂದು ಲೆಕ್ಕ ಹಾಕುವುದು ಒಂದು. ಹಿಂದಿನ ಮೂರು ವರ್ಷ ನಿಜವಾಗಿ ಎಷ್ಟು ಖರ್ಚಾಗಿದೆ ಎಂದು ನೋಡಿ ಬರೆಯುವುದು ಇನ್ನೊಂದು. ಎರಡನೆಯದು ಸುಲಭ, ಬಿಲ್ಲು ಇದ್ದರೆ ಸಾಕು. ನಮ್ಮಲ್ಲಿಯೂ ಹೆಸ್ಕಾಂ ಬಿಲ್ಲು ನೋಡಿ ಅಂಕ ಕೊಟ್ಟರಾಗದೆ ಎಂದು ನೀವು ಕೇಳಬಹುದು.

ಆಗದು. ಇಳಕಲ್ಲಿನಲ್ಲಿ ಒಂದು ಬಲ್ಬು, ಒಂದು ಫ್ಯಾನು ಇರುವ ಪತ್ರಾಸಿನ ಮನೆಯ ಬಿಲ್ಲು ತೀರ ಕಡಿಮೆ ಬರುತ್ತದೆ. ಬಿಲ್ಲು ನೋಡಿ ಅಂಕ ಕೊಟ್ಟರೆ ಅದಕ್ಕೆ ಐದು ನಕ್ಷತ್ರ! ಒಳಗಿರುವವರು ಬೆಂದು ಹೋಗುತ್ತಿರುತ್ತಾರೆ. ಕರೆಂಟು ಉಳಿದದ್ದು ಮನೆ ಒಳ್ಳೆಯದೆಂದಲ್ಲ, ಕೂಲರು ಕೊಳ್ಳುವ ಶಕ್ತಿ ಇಲ್ಲವೆಂದು. ದಕ್ಷತೆ ಬೇರೆ, ಬಡತನ ಬೇರೆ. ಆದುದರಿಂದ ನಮ್ಮಂಥ ಸೀಮೆಗೆ ಅಂಕ ಕೊಡುವುದಾದರೆ ಮನೆಯ ಕಟ್ಟಡ ನೋಡಿಯೇ ಕೊಡಬೇಕು, ಒಳಗಿನ ಉಷ್ಣತೆ ಅಳೆದು ಕೊಡಬೇಕು.

ಗೃಹಜ್ಯೋತಿ ಇರುವಾಗ ಈ ಚಿಂತೆ ಏಕೆ ಎನ್ನುವವರೂ ಇದ್ದಾರೆ. 2023ರ ಆಗಸ್ಟ್‌ನಲ್ಲಿ ಚಾಲನೆ ಪಡೆದ ಆ ಯೋಜನೆಯಲ್ಲಿ ಆರಂಭದಲ್ಲಿ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಶೇಕಡಾ 10ರಷ್ಟು, ಒಟ್ಟು 200 ಯೂನಿಟ್ ಮೀರದಂತೆ ಉಚಿತವಿತ್ತು. 180 ವ್ಯಾಟಿನ ಕೂಲರನ್ನು ದಿನಕ್ಕೆ ಹತ್ತು ತಾಸು ಹಚ್ಚಿದರೆ ತಿಂಗಳಿಗೆ 54 ಯೂನಿಟ್ ಆಗುತ್ತದೆ. ಸರಾಸರಿ ಕಡಿಮೆ ಇದ್ದ ಮನೆಗೆ ಈ ಒಂದೇ ಬಾಬತ್ತು ಮಿತಿ ಮೀರಿಸಬಹುದು. ಇನ್ನು ಮಾಲಕರ ಮೀಟರಿನಿಂದಲೇ ಕರೆಂಟು ಪಡೆಯುವ ಬಾಡಿಗೆ ಕೋಣೆಯವರಿಗೆ ಉಚಿತದ ಪಾಲು ಮುಟ್ಟುತ್ತದೆಂಬ ಖಾತ್ರಿಯೂ ಇಲ್ಲ.

ಕಷ್ಟದ ಗಂಟು ಇನ್ನೊಂದಿದೆ. ಚಾವಣಿಗೆ ಖರ್ಚು ಮಾಡಬೇಕಾದವರು ಮಾಲಕರು. ಬಿಲ್ಲು ತುಂಬುವವರು, ಬೆವರು ಸುರಿಸುವವರು ಬಾಡಿಗೆದಾರರು. ತಂಪು ಮನೆಗೆ ಹೆಚ್ಚು ಬಾಡಿಗೆ ಸಿಗುತ್ತದೆಂದು ಖಾತ್ರಿಯಾದರೆ ಮಾಲಕರೂ ಖರ್ಚು ಮಾಡಿಯಾರು. ಟೈಲ್ಸು ಕಣ್ಣಿಗೆ ಕಾಣುತ್ತದೆ, ಅದಕ್ಕೆ ಬೆಲೆ ಇದೆ. ತಂಪು ಡಿಸೆಂಬರ್‌ನಲ್ಲಿ ಕಾಣುವುದಿಲ್ಲ. ಕಾಣದ ಗುಣವನ್ನು ಕಾಗದದ ಮೇಲೆ ಕಾಣಿಸುವುದೇ ಪ್ರಮಾಣಪತ್ರದ ಉದ್ದೇಶ.

ನೀವೇ ಬರೆಯುವ ಅಂಕಪಟ್ಟಿ

ಸರ್ಕಾರದ ಪತ್ರ ಬರುವವರೆಗೆ ಕಾಯಬೇಕಾಗಿಲ್ಲ. ಮನೆ ನೋಡಲು ಹೋಗುವಾಗ ಈ 100 ಅಂಕದ ಪ್ರಶ್ನೆಪತ್ರಿಕೆಯನ್ನು ಜೇಬಿನಲ್ಲಿಟ್ಟುಕೊಳ್ಳಿರಿ. ಇದು ನಾನು ನನ್ನ ಅನುಭವಕ್ಕೆ ಮಾಡಿಕೊಂಡದ್ದು. ನಿಮ್ಮ ಅನುಭವಕ್ಕೆ ತಕ್ಕಂತೆ ತಿದ್ದಿಕೊಳ್ಳಿರಿ.

ಒಂದು, ಚಾವಣಿ: 40 ಅಂಕ. ಮೇಲೆ ಇನ್ನೊಂದು ಅಂತಸ್ತಿದ್ದರೆ ಅಥವಾ ದಪ್ಪ ಮಣ್ಣಿನ ಮಾಳಿಗೆಯಾದರೆ ಪೂರ್ತಿ 40. ಸ್ಲ್ಯಾಬಿಗೆ ಸುಣ್ಣ ಬಳಿದಿದ್ದರೆ ಅಥವಾ ಬಿಳಿ ಟೈಲ್ಸ್ ಹಾಕಿದ್ದರೆ 25. ಬರಿಯ ಸ್ಲ್ಯಾಬಿಗೆ 10. ಪತ್ರಾಸಿಗೆ ಸೊನ್ನೆ.

ಎರಡು, ಪಡುವಣ ಗೋಡೆ: 20 ಅಂಕ. ನೆರೆಮನೆ, ಗಿಡ ಅಥವಾ ಪಡಸಾಲೆಯ ನೆರಳಿದ್ದರೆ 15ರಿಂದ 20. ಮಧ್ಯಾಹ್ನ ಎರಡರಿಂದ ಆರರವರೆಗೆ ಬಿಸಿಲು ಬಡಿಯುತ್ತಿದ್ದರೆ 5.

ಮೂರು, ಗಾಳಿ: 20 ಅಂಕ. ಎದುರುಬದುರು ಕಿಟಕಿ ಇದ್ದು, ಮೇಲೆ ಬಿಸಿ ಗಾಳಿ ಹೋಗಲು ಗವಾಕ್ಷಿಯೋ ಜಾಲರಿಯೋ ಇದ್ದರೆ 20. ಎದುರುಬದುರು ಕಿಟಕಿ ಮಾತ್ರ ಇದ್ದರೆ 10. ಒಂದೇ ಕಿಟಕಿಯಾದರೆ 5.

ನಾಲ್ಕು, ಬೆಳಕು: 10 ಅಂಕ. ಹಗಲು ದೀಪ ಹಚ್ಚದೆ ಪುಸ್ತಕ ಓದಲು ಬಂದರೆ 10, ಕಿಟಕಿಯ ಹತ್ತಿರ ಮಾತ್ರ ಬಂದರೆ 5.

ಐದು, ಫ್ಯಾನು ದೀಪಗಳು: 10 ಅಂಕ. ಹಳೆಯ ಫ್ಯಾನು 75 ವ್ಯಾಟ್ ಎಳೆಯುತ್ತದೆ. ಹೊಸ ಬಗೆಯ ಬಿಎಲ್‌ಡಿಸಿ ಫ್ಯಾನಿಗೆ 30ರ ಆಸುಪಾಸು ಸಾಕು. ಎಲ್‌ಇಡಿ ದೀಪವಿದ್ದು ಫ್ಯಾನು ಹಳೆಯದಾದರೆ 5.

ಆ ಸಂಜೆ ನೇಕಾರರ ಎದುರಿಗೇ ಎರಡೂ ಮನೆಗಳಿಗೆ ಅಂಕ ಹಾಕಿದೆವು. ನೆಲ ಅಂತಸ್ತಿನದಕ್ಕೆ 40, 15, 10, 5, 5: ಒಟ್ಟು 75. ಮಗಳ ಕೋಣೆಗೆ 10, 5, 5, 5, 5: ಒಟ್ಟು 30. ಐದು ಅಂಕ ಕಡಿಮೆ ಬಿದ್ದು ನಪಾಸು. ನೇಕಾರರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ನಮ್ಮ ಮಗ್ಗದ ಮನಿ ಮಣ್ಣಿಂದ್ರಿ. ಕುಣಿ ಮಗ್ಗದಾಗ ಕಾಲ ಇಳಿಬಿಟ್ಟು ಕುಂತ್ರ ಬ್ಯಾಸಗಿ ಗೊತ್ತಾಗೂದಿಲ್ಲ. ಇದೆಲ್ಲಾ ನನಗ ಗೊತ್ತಿದ್ದದ್ದರಿ ಸರ. ಟೈಲ್ಸ್ ನೋಡಿ ಮರತೆ."

ಪರೀಕ್ಷೆ ಎದುರಿಗಿರುವಾಗ ಮನೆ ಬದಲಿಸುವುದು ಆಗದ ಮಾತು. ಮಾಲಕರನ್ನು ಕೇಳಿದಾಗ, ಖರ್ಚು ತಮ್ಮದಲ್ಲವಾದರೆ ಸುಣ್ಣ ಬಳಿದುಕೊಳ್ಳಿ ಎಂದರಂತೆ. ಮುಂದಿನ ಭಾನುವಾರ ತಂದೆ-ಮಗಳು ಸ್ಲ್ಯಾಬು ಕಸ ಹೊಡೆದು, ತೊಳೆದು, ಸುಣ್ಣಕ್ಕೆ ಅಂಟು ಕಲಸಿ ಎರಡು ಕೈ ಬಳಿದರು. ಕೆಲವು ನೂರು ರೂಪಾಯಿಗಳ ಕೆಲಸ. ಬೂದು ಕಾಂಕ್ರೀಟು ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು ಹೀರಿಕೊಂಡರೆ, ಹೊಸ ಬಿಳಿ ಸುಣ್ಣ ಬಹುಪಾಲನ್ನು ಮರಳಿ ಆಕಾಶಕ್ಕೆ ಕಳಿಸುತ್ತದೆ. ಯು ಬೆಲೆ ಬದಲಾಗುವುದಿಲ್ಲ. ನಮ್ಮ ಲೆಕ್ಕದಲ್ಲಿಯ ಆ 60 ಡಿಗ್ರಿ ಕೆಳಗಿಳಿಯುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇಂಥ ತಂಪು ಚಾವಣಿಗಳಿಗಾಗಿಯೇ ಒಂದು ನೀತಿ ಹೊರಡಿಸಿದೆ. ಮಳೆಗೆ ಸುಣ್ಣ ತೊಳೆದು ಹೋಗುತ್ತದೆ. ಪ್ರತಿ ವರ್ಷ ಫೆಬ್ರವರಿಯಲ್ಲಿ ಮತ್ತೆ ಬಳಿಯಬೇಕು. ಕೋಣೆಯ ಅಂಕ 30ರಿಂದ 45ಕ್ಕೆ ಏರಿತು. ಪ್ರಥಮ ದರ್ಜೆಯಲ್ಲ, ಪಾಸು.

ವಾರದ ನಂತರ ನೇಕಾರರ ಫೋನು ಬಂತು. "ಪಡುವಣ ಗ್ವಾಡಿ ಇನ್ನೂ ಬಿಸಿ ಇರತೈತ್ರಿ. ಆದ್ರ ಹುಡುಗಿ ಈಗ ಒಳಗ ಕುಂತು ಓದತಾಳ."

ಈ ವಾರದ ಪ್ರಯೋಗ: ಎರಡು ಹಂಚುಗಳನ್ನು ತೆಗೆದುಕೊಂಡು ಒಂದಕ್ಕೆ ಸುಣ್ಣ ಬಳಿದು ಒಣಗಿಸಿರಿ. ಎರಡನ್ನೂ ಇಟ್ಟಿಗೆಯ ಮೇಲೆ ಒಂದೇ ಎತ್ತರಕ್ಕೆ ಇಟ್ಟು, ಕೆಳಗೆ ಪ್ರಯೋಗಶಾಲೆಯ ಉಷ್ಣಮಾಪಕ ಇಟ್ಟು, ಮಧ್ಯಾಹ್ನ ಒಂದು ತಾಸು ಬಿಸಿಲಿಗೆ ಬಿಟ್ಟು ಓದಿಕೊಳ್ಳಿರಿ. ಜ್ವರ ನೋಡುವ ಉಷ್ಣಮಾಪಕ ಬಳಸಬೇಡಿರಿ; ಅದು 42 ಡಿಗ್ರಿಗೆ ಮುಗಿಯುತ್ತದೆ. ಅನಂತರ ಅದೇ ಪ್ರಯೋಗಶಾಲೆಯ ಉಷ್ಣಮಾಪಕವನ್ನು ನೀವು ಓದುವ ಕೋಣೆಯ ನಡುವೆ, ಗೋಡೆಗೆ ತಾಗದಂತೆ ತೂಗುಹಾಕಿ, ಏಳು ದಿನ ಬೆಳಿಗ್ಗೆ 6, ಮಧ್ಯಾಹ್ನ 2, ಸಂಜೆ 6, ರಾತ್ರಿ 10ಕ್ಕೆ ಬರೆದಿಡಿರಿ. ಪಕ್ಕದಲ್ಲಿ ಹೊರಗಿನ ನೆರಳಿನ ಉಷ್ಣತೆಯನ್ನೂ ಬರೆಯಿರಿ. ರಾತ್ರಿ 10ಕ್ಕೆ ಹೊರಗಿಗಿಂತ ಒಳಗೆ ಎಷ್ಟು ಹೆಚ್ಚು ಇದೆಯೋ ಅಷ್ಟು ನಿಮ್ಮ ಚಾವಣಿ ಹಗಲಿನಲ್ಲಿ ಮಾಡಿದ ಸಾಲ ಎಂದು ತಿಳಿಯಿರಿ. ತಂದೆ-ತಾಯಿಯರನ್ನು ಕೂಡಿಸಿಕೊಂಡು ಅಂಕಪಟ್ಟಿ ತುಂಬಿರಿ. ಬಾಡಿಗೆ ಮನೆಯಾದರೆ ಅದರ ಒಂದು ಪ್ರತಿಯನ್ನು ಮಾಲಕರ ಕೈಗೂ ಕೊಡಿರಿ, ಆದರೆ ಜಗಳಕ್ಕಲ್ಲ. ಒಂದು ಪ್ರತಿಯನ್ನು ಈ ಅಂಕಣಕ್ಕೆ ಕಳಿಸಿದರೆ, ಮಳೆಗಾಲ ಹಿಡಿಯುವ ಮೊದಲು ಎಲ್ಲವನ್ನೂ ಕೂಡಿಸಿ ನೋಡೋಣ.